ಅಹಮದಾಬಾದಿನ ಹಳೇ ಊರು ನಡೆದು ನೋಡೋದು ಹೇಗೆ: ಒಂದ್ಸಲ ಗೈಡ್ ಹಿಂದೆ, ಇನ್ನೊಂದ್ಸಲ ಉಲ್ಟಾ

ಅಹಮದಾಬಾದಿಗೆ ಹೋದೋರು ಸಾಬರಮತಿ ಆಶ್ರಮ ನೋಡ್ತಾರೆ, ರಿವರ್‌ಫ್ರಂಟಲ್ಲಿ ನಿಂತು ಫೋಟೋ ತಗೋತಾರೆ, ಟೈಮ್ ಉಳಿದ್ರೆ ಅಡಾಲಜ್ ಮೆಟ್ಟಿಲುಬಾವಿಗೆ ಹೋಗಿ ಬರ್ತಾರೆ, ಆದ್ರೆ ನದಿಯ ಪೂರ್ವ ದಡದಲ್ಲಿರೋ ಹಳೇ ಊರಿಗೆ ಮಾತ್ರ ಕಾಲಿಡಲ್ಲ. ಟ್ರಾಫಿಕ್ಕು, ಗಲೀಜು, ಗಲ್ಲಿ ಗೊತ್ತಾಗಲ್ಲ ಅಂತ ಕಾರಣ ಹೇಳ್ತಾರೆ. ಮೂರೂ ನಿಜಾನೇ, ಸುಳ್ಳು ಹೇಳೋದು ಯಾಕೆ. ಆದ್ರೂ ಸುಮಾರು ಐದೂವರೆ ಚದರ ಕಿಲೋಮೀಟರಿನ ಈ ಜಾಗಕ್ಕೇ 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ನಗರ ಅಂತ ಪಟ್ಟ ಕೊಟ್ಟಿದ್ದು, ಭಾರತದಲ್ಲಿ ಆ ಪಟ್ಟ ಸಿಕ್ಕ ಮೊದಲನೇ ಊರು ಇದು.

ನಾನು ಮೊದಲನೇ ಸಲ ಹೋಗಿದ್ದು ಶುದ್ಧ ಪೆದ್ದನ ಥರ. ಮೇ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆ, ಕೈಯಲ್ಲಿ ಫೋನ್ ಮ್ಯಾಪ್, ಕಾಲಲ್ಲಿ ಲೇಸ್ ಕಟ್ಟೋ ಶೂ. ಮ್ಯಾಪು ಹೇಳಿದ ಕಡೆ ತಿರುಗಿದ್ರೆ ಯಾರದೋ ಮನೆ ಅಂಗಳ, ಅಲ್ಲಿ ಒಬ್ರು ಅಜ್ಜಿ ಕೂತ್ಕೊಂಡು ಬಟಾಣಿ ಬಿಡಿಸ್ತಾ ಇದ್ರು, ನನ್ನ ನೋಡಿ ಏನೂ ಅನ್ಲಿಲ್ಲ, ಬಂದ ದಾರಿ ಕಡೆ ಕೈ ತೋರಿಸಿದ್ರು ಅಷ್ಟೆ. ದಿನಕ್ಕೆ ನನ್ನಂಥೋರು ನಾಲ್ಕು ಜನ ಬರ್ತಾರೇನೋ. ಅರ್ಧ ಗಂಟೇಲಿ ಮೂರು ಸಲ ಹಿಂಗೇ ಆಯ್ತು, ನಾಲ್ಕನೇ ಸಲ ಆಟೋ ಹತ್ತಿ ರೂಮಿಗೆ ವಾಪಸ್. ಆಮೇಲೆ ಗೊತ್ತಾಗಿದ್ದು, ಈ ಗಲ್ಲಿಗಳನ್ನ ಹೊಸಬ್ರಿಗೆ ದಾರಿ ಸಿಗಬಾರ್ದು ಅಂತಾನೇ ಕಟ್ಟಿರೋದು.

ಅದಕ್ಕೇ ಮೊದಲ ಮಾತು, ಮೊದಲನೇ ಸಲ ಗೈಡ್ ಜೊತೇನೇ ಹೋಗಿ. ಅಲ್ಲಿನ ಮುನ್ಸಿಪಲ್ ಕಾರ್ಪೊರೇಶನ್ 1997ರ ನವೆಂಬರ್ 19ರಿಂದ ಹೆರಿಟೇಜ್ ವಾಕ್ ನಡೆಸ್ತಾ ಬಂದಿದೆ. ಕಾಲುಪುರದ ಸ್ವಾಮಿನಾರಾಯಣ ದೇವಸ್ಥಾನದಲ್ಲಿ ಶುರು, ಜಾಮಾ ಮಸೀದಿ ಹತ್ರ ಮುಗಿಯುತ್ತೆ, ಅದಕ್ಕೇ ಮಂದಿರದಿಂದ ಮಸೀದಿವರೆಗೆ ಅಂತ ಕರೀತಾರೆ. ದೂರ ಎರಡು ಕಿಲೋಮೀಟರ್ ಒಳಗೇನೇ, ಆದ್ರೆ ನಿಂತು ನಿಂತು ನೋಡ್ಕೊಂಡು ಹೋಗೋದ್ರಿಂದ ಎರಡೂವರೆ ಗಂಟೆ ಹಿಡಿಯುತ್ತೆ. ಪ್ರೈವೇಟ್ ಆಗಿ ವಾಕ್ ಮಾಡಿಸೋರೂ ಇದಾರೆ, ರಾತ್ರಿ ವಾಕ್ ಕೂಡ ಇದೆ, ಆದ್ರೆ ಮೊದಲ ಸಲಕ್ಕೆ ಈ ಬೆಳಗಿನ ದಾರಿ ಸಾಕು. ಮುಂಚಿತವಾಗಿ ಬುಕ್ ಮಾಡ್ಕೊಳ್ಳಿ, ಹಿಂದಿನ ದಿನ ಒಂದು ಫೋನ್ ಮಾಡಿ ಟೈಮ್ ಕನ್ಫರ್ಮ್ ಮಾಡ್ಕೊಳ್ಳಿ. ಸಾಮಾನ್ಯವಾಗಿ ಬೆಳಿಗ್ಗೆ ಎಂಟರ ಆಸುಪಾಸು ಹೊರಡ್ತಾರೆ, ನೀವು ಏಳೂವರೆಗೇ ಅಲ್ಲಿರಿ. ಗೈಡ್ ಹಿಂದಿ, ಇಂಗ್ಲಿಷ್, ಗುಜರಾತಿ ಮಾತಾಡ್ತಾರೆ, ಗುಂಪಿನಲ್ಲಿ ಫಾರಿನರ್ಸ್ ಇದ್ರೆ ಬರೀ ಇಂಗ್ಲಿಷೇ ನಡೆಯುತ್ತೆ. ಜೊತೇಲಿ ಬಂದಿರೋ ಅಮ್ಮಂಗೋ ಮಾವಂಗೋ ಹಿಂದೀಲಿ ಹೇಳ್ಬೇಕು ಅಂದ್ರೆ ಶುರುವಿನಲ್ಲೇ ಕೇಳ್ಬಿಡಿ, ಮಧ್ಯದಲ್ಲಿ ಕೇಳಿದ್ರೆ ಅವರಿಗೂ ಲಯ ತಪ್ಪುತ್ತೆ.

ತಿಂಗಳು ನವೆಂಬರಿನಿಂದ ಫೆಬ್ರವರಿ ಒಳಗೆ ಇರ್ಲಿ. ಜನವರಿ 14ರ ಉತ್ತರಾಯಣದ ಹಬ್ಬಕ್ಕೆ ಮಾಳಿಗೆ ಮಾಳಿಗೆ ಮೇಲೆ ಗಾಳಿಪಟ, ನೋಡೋಕೆ ಕಣ್ಣು ಸಾಲಲ್ಲ, ಆದ್ರೆ ಆವತ್ತು ಎಲ್ಲರ ಗಮನ ಆಕಾಶದ ಕಡೆ, ಗಲ್ಲಿ ನೋಡೋಕೆ ಅದು ದಿನ ಅಲ್ಲ. ಭಾನುವಾರ ಹೋದ್ರೆ ಗಲ್ಲಿ ಖಾಲಿ ಇರುತ್ತೆ, ಗಾಡಿ ಕಾಟ ಕಮ್ಮಿ, ಆದ್ರೆ ಕೊನೇಲಿ ಬರೋ ಮಾರ್ಕೆಟ್ಟುಗಳಲ್ಲಿ ಬಹಳಷ್ಟು ಶಟರ್ ಎಳೆದಿರ್ತಾರೆ. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜಿನ ಹೊತ್ತಿಗೆ ಜಾಮಾ ಮಸೀದಿ ಹತ್ರ ಹೋಗ್ಬೇಡಿ. ನನ್ನ ಕೇಳಿದ್ರೆ ಮಂಗಳವಾರ ಬುಧವಾರ ಬೆಸ್ಟು.

ಚಪ್ಪಲಿ ವಿಷಯ ಚಿಕ್ಕದು ಅನ್ಸುತ್ತೆ, ಆದ್ರೆ ಇಡೀ ವಾಕ್ ಇದರ ಮೇಲೇ ನಿಂತಿದೆ. ದೇವಸ್ಥಾನದಲ್ಲಿ ಬಿಚ್ಚಬೇಕು, ಜೈನ ಬಸದಿಗಳಲ್ಲಿ ಬಿಚ್ಚಬೇಕು, ಮಸೀದೀಲಿ ಬಿಚ್ಚಬೇಕು, ಅಂದ್ರೆ ಕಮ್ಮಿ ಅಂದ್ರೂ ಐದಾರು ಸಲ. ಲೇಸ್ ಶೂ ಹಾಕ್ಕೊಂಡು ಬಂದೋನು ಪ್ರತಿ ಸಲ ಬಗ್ಗಿ ಕಟ್ಕೊಳ್ಳೋ ಹೊತ್ತಿಗೆ ಗುಂಪು ಎರಡು ತಿರುವು ದಾಟಿರುತ್ತೆ, ಆಮೇಲೆ ನನ್ನ ಕಥೇನೇ ಅವನಿಗೂ. ಹಿಂದಗಡೆ ಪಟ್ಟಿ ಇರೋ ಗಟ್ಟಿ ಸ್ಯಾಂಡಲ್ ಹಾಕ್ಕೊಳ್ಳಿ, ತೆಳು ಹವಾಯಿ ಬೇಡ, ನೆಲದಲ್ಲಿ ಸಗಣಿ ನೀರು ಎರಡೂ ಇರುತ್ತೆ. ಜೈನ ಬಸದಿಗೆ ಹೋಗ್ತೀರಲ್ಲ, ಚರ್ಮದ ಬೆಲ್ಟು, ಚರ್ಮದ ಬ್ಯಾಗು ರೂಮಲ್ಲೇ ಬಿಟ್ಟು ಬನ್ನಿ. ಭುಜ, ಮೊಣಕಾಲು ಮುಚ್ಚೋ ಬಟ್ಟೆ, ತಲೆ ಮೇಲೆ ಹಾಕ್ಕೊಳ್ಳೋಕೆ ಒಂದು ದುಪಟ್ಟಾನೋ ಕರ್ಚೀಫೋ, ಒಂದು ಬಾಟಲ್ ನೀರು. ಬಾತ್‌ರೂಮಿಗೆ ಹೊರಡೋಕೆ ಮುಂಚೇನೇ ಹೋಗಿ ಬನ್ನಿ, ಗಲ್ಲಿ ಒಳಗೆ ಹೊಕ್ಕ ಮೇಲೆ ಹುಡುಕೋದು ಕಷ್ಟ, ಅಲ್ಲಿರೋದೆಲ್ಲ ಜನರ ಮನೆ.

ಇನ್ನು ನಾಲ್ಕೈದು ಮಾತು ಕಲ್ತಿದ್ರೆ ಗೈಡ್ ಹೇಳೋದು ಥಟ್ಟಂತ ತಲೆಗೆ ಹೋಗುತ್ತೆ. ಪೋಳ್ ಅಂದ್ರೆ ಒಂದೇ ಹೆಬ್ಬಾಗಿಲಿರೋ ಕೇರಿ, ಬಾಗಿಲು ಅನ್ನೋ ಅರ್ಥದ ಸಂಸ್ಕೃತದ ಪ್ರತೋಲಿ ಅನ್ನೋ ಪದದಿಂದ ಬಂದಿದ್ದಂತೆ. ಒಳಗೆ ಒಂದೇ ಜಾತಿಯೋ ಒಂದೇ ಕಸುಬಿನವರೋ ಒಟ್ಟಿಗೆ ಇರ್ತಿದ್ರು, ರಾತ್ರಿ ಬಾಗಿಲು ಹಾಕಿದ್ರೆ ಮುಗೀತು, ಬಾಗಿಲ ಮೇಲಿನ ಸಣ್ಣ ಕೋಣೇಲಿ ಕಾವಲುಗಾರ. 'ನೀ' ಅಂದ್ರೆ ಹೆಸರಿನ ಕೊನೇಲಿ ಬರೋ ನಮ್ಮ 'ರ' ಥರ, ಹಾಜಾ ಪಟೇಲ್ ನೀ ಪೋಳ್ ಅಂದ್ರೆ ಹಾಜಾ ಪಟೇಲರ ಪೋಳ್. ಪೋಳ್ ಒಳಗಿನ ಇನ್ನೂ ಚಿಕ್ಕ ಗುಂಪು ಖಡ್ಕಿ, ಮೂಲೆ ಸಂದಿ ಅಂದ್ರೆ ಖಾಂಚೊ. ಮನೆ ಮುಂದಿನ ಓಟ್ಲೊ ಅಂದ್ರೆ ನಮ್ಮ ಜಗಲಿ, ಮನೆ ನಡುವಿನ ಚೌಕ್ ಅಂದ್ರೆ ನಮ್ಮ ತೊಟ್ಟಿ, ಅದರ ಕೆಳಗೆ ಮಳೆ ನೀರು ತುಂಬೋ ಟಾಂಕೊ. ಚಬೂತ್ರೊ ಅಂದ್ರೆ ಕಂಬದ ಮೇಲೆ ಹಕ್ಕಿಗಳಿಗೆ ಕಾಳು ಹಾಕೋ ಕೆತ್ತನೆಯ ಗೂಡು. ದೆರಾಸರ್ ಅಂದ್ರೆ ಬಸದಿ. ವಯಸ್ಸಾದವರನ್ನ ಕಾಕಾ, ಮಾಸಿ ಅನ್ನಿ, ಹೆಂಗಸರ ಹೆಸರಿಗೆ ಬೆನ್ ಸೇರಿಸಿ, ಕೇಮ್ ಛೋ ಅಂದ್ರೆ ಮಜಾಮಾ ಅಂತ ಉತ್ತರ ಬರುತ್ತೆ, ಮುಖ ಅರಳುತ್ತೆ.

ಈಗ ನಡಿಗೆಗೆ ಬರೋಣ. ಮೆಟ್ರೋದಲ್ಲಿ ಬರೋದಾದ್ರೆ ಕಾಲುಪುರ ರೈಲ್ವೇ ಸ್ಟೇಷನ್ ಸ್ಟಾಪು, ಅಲ್ಲಿಂದ ದೇವಸ್ಥಾನ ಹತ್ರ. ಸ್ವಾಮಿನಾರಾಯಣ ಸಂಪ್ರದಾಯದ ಮೊಟ್ಟಮೊದಲ ದೇವಸ್ಥಾನ ಇದು, 1822ರಲ್ಲಿ ಆಗಿದ್ದು, ಜಾಗ ಕೊಟ್ಟಿದ್ದು ಬ್ರಿಟಿಷರು. ಬರ್ಮಾ ತೇಗದ ಕಂಬ ಕಮಾನುಗಳಿಗೆ ಎದ್ದು ಕಾಣೋ ಬಣ್ಣ ಬಳಿದಿದಾರೆ. ಇಲ್ಲಿ ಒಂದು ಕೆಲಸ ಮಾಡಿ, ಕಂಬದ ತಲೆಯಲ್ಲಿರೋ ಮರದ ಬ್ರಾಕೆಟ್ಟು ಒಂದನ್ನ ಸರಿಯಾಗಿ ಎರಡು ನಿಮಿಷ ನೋಡಿ. ಮುಂದೆ ಎರಡು ಗಂಟೆ ಪ್ರತಿ ಮನೆ ಮೇಲೂ ಅದರ ಅಣ್ಣತಮ್ಮಂದಿರು ಸಿಗ್ತಾರೆ, ಒಂದನ್ನ ನೆಟ್ಟಗೆ ನೋಡಿದ್ರೆ ಉಳಿದಿದ್ದು ತಾನೇ ಕಣ್ಣಿಗೆ ಬೀಳುತ್ತೆ.

ಅಲ್ಲಿಂದ ಲಂಬೇಶ್ವರ್ ನೀ ಪೋಳ್, ಕವಿ ದಲ್‌ಪತ್‌ರಾಮ್ ಚೌಕ. ದಲ್‌ಪತ್‌ರಾಮ್ 1820ರಿಂದ 1898ರವರೆಗೆ ಇದ್ದ ಗುಜರಾತಿ ಕವಿ, ಇಲ್ಲೇ ಮನೆ ಇತ್ತು, ಮನೆ ಉಳೀಲಿಲ್ಲ, ಮುಂಭಾಗ ಮಾತ್ರ ಮತ್ತೆ ಕಟ್ಟಿ ಅದರ ಮುಂದೆ ಅವರದ್ದೊಂದು ಕೂತಿರೋ ಪ್ರತಿಮೆ ಇಟ್ಟಿದಾರೆ. ಹುಡುಗರು ಅಲ್ಲೇ ಕ್ರಿಕೆಟ್ ಆಡ್ತಿರ್ತಾರೆ, ಕವಿಗಳ ತೊಡೆ ಮೇಲೆ ಒಬ್ಬ ಹುಡುಗ ಸ್ಕೂಲ್ ಬ್ಯಾಗ್ ಇಟ್ಟಿದ್ದ. ನನಗೆ ಅದು ಬೇಜಾರೇ ಆಗ್ಲಿಲ್ಲ, ಬೇಲಿ ಹಾಕಿ ಬೀಗ ಜಡಿದ ಸ್ಮಾರಕಕ್ಕಿಂತ ಇದು ಎಷ್ಟೋ ವಾಸಿ.

ಇಲ್ಲಿಂದ ಮುಂದೆ ಗೈಡ್‌ನ ಹೆಗಲ ಪಕ್ಕ ಇರಿ. ಹಿಂದೆ ಬಿದ್ದೋರಿಗೆ ಅರ್ಧ ಮಾತು ಸ್ಕೂಟರ್ ಹಾರ್ನಲ್ಲೇ ಹೋಗುತ್ತೆ. ಗಲ್ಲಿ ಎಷ್ಟು ಕಿರಿದು ಅಂದ್ರೆ ಕೆಲವು ಕಡೆ ಎರಡೂ ಕೈ ಚಾಚಿದ್ರೆ ಎರಡೂ ಗೋಡೆ ಸಿಗುತ್ತೆ, ಅಲ್ಲೂ ಸ್ಕೂಟರ್ ಬರುತ್ತೆ ಮಾರಾಯ್ರೆ. ಒಬ್ರ ಹಿಂದೆ ಒಬ್ರು ಗೋಡೆ ಕಡೆ ನಡೀರಿ, ತಿರುವಿನಲ್ಲಿ ನಿಲ್ಲಬೇಡಿ, ಹಾರ್ನ್ ಕೇಳಿದ್ರೆ ಹಾರಿ ಓಡಬೇಡಿ, ಗೋಡೆಗೆ ಒತ್ತಿ ನಿಂತ್ರೆ ಅವರೇ ಸವರಿಕೊಂಡು ಹೋಗ್ತಾರೆ. ಗಲ್ಲಿ ಕಿರಿದಾಗಿರೋದಕ್ಕೆ ಜಾಗ ಇಲ್ದಿರೋದೊಂದೇ ಕಾರಣ ಅಲ್ಲ, ಎರಡೂ ಕಡೆ ಎತ್ತರದ ಮನೆ ಇರೋದ್ರಿಂದ ಬಿಸಿಲು ನೆಲಕ್ಕೆ ಬೀಳೋದೇ ಸ್ವಲ್ಪ ಹೊತ್ತು. ಹೊರಗಡೆ ರೋಡಿಂದ ಪೋಳ್ ಒಳಗೆ ಕಾಲಿಟ್ಟ ತಕ್ಷಣ ತಂಪು ಚರ್ಮಕ್ಕೇ ಗೊತ್ತಾಗುತ್ತೆ.

ಗೋಡೆ ಹತ್ರದಿಂದ ನೋಡಿ. ಇಟ್ಟಿಗೆ ಗೋಡೆ ಮಧ್ಯೆ ಮಧ್ಯೆ ಅಡ್ಡಕ್ಕೆ ಮರದ ತೊಲೆ ಹಾಕಿರ್ತಾರೆ. ಅಲಂಕಾರಕ್ಕಲ್ಲ ಅದು, ಭೂಕಂಪ ಬಂದಾಗ ಇಟ್ಟಿಗೆ ಬಿರುಕು ಬಿಡುತ್ತೆ, ಮರ ಬಾಗಿ ಆ ಅಲುಗಾಟ ನುಂಗ್ಕೊಳ್ಳುತ್ತೆ. 2001ರ ಜನವರಿ 26ರ ಭೂಕಂಪದಲ್ಲಿ ಇದೇ ಊರಿನ ಎಷ್ಟೋ ಹೊಸ ಬಹುಮಹಡಿ ಬಿಲ್ಡಿಂಗುಗಳು ಕುಸಿದು ಬಿದ್ವು, ಆದ್ರೆ ಪೋಳ್‌ಗಳ ಹಳೇ ಮರದ ಮನೆ ಬಹಳಷ್ಟು ನಿಂತ್ಕೊಂಡ್ವು. ಈ ಮಾತು ಕೇಳಿದ ಮೇಲೆ ಆ ತೊಲೆ ಕಡೆ ನೋಡೋ ನೋಟಾನೇ ಬದಲಾಗುತ್ತೆ. ಪೋಳ್ ಬಾಗಿಲ ಹತ್ರ ಒಂದು ಕರಿ ಬೋರ್ಡ್ ಇರುತ್ತಲ್ಲ, ಅದನ್ನೂ ಬಿಡ್ಬೇಡಿ. ಯಾರು ಹೋದ್ರು, ಯಾವತ್ತು ಪೂಜೆ, ಯಾರ ಮನೇಲಿ ಏನು, ಎಲ್ಲ ಸೀಮೆಸುಣ್ಣದಲ್ಲಿ. ಗುಜರಾತಿ ಲಿಪಿಗೆ ತಲೆಗೆರೆ ಇಲ್ಲ ಅಷ್ಟೆ, ದೇವನಾಗರಿ ಬಂದ್ರೆ ಅರ್ಧ ಓದ್ಬಹುದು.

ಟಾಂಕೊ ನೋಡೋಕೆ ಸಿಕ್ರೆ ಅದೃಷ್ಟ, ಯಾಕಂದ್ರೆ ಅದು ಮನೆ ಒಳಗಿರುತ್ತೆ. ಎರಡನೇ ಟ್ರಿಪ್ಪಲ್ಲಿ ನಮ್ಮ ಗೈಡ್‌ಗೆ ಪರಿಚಯ ಇದ್ದ ಒಬ್ರು ಮಾಸಿ ಒಳಗೆ ಕರೆದ್ರು. ಚೌಕಿನ ನೆಲದಲ್ಲಿ ಒಂದು ಪುಟ್ಟ ಹಿತ್ತಾಳೆ ಮುಚ್ಚಳ, ಎತ್ತಿದ್ರೆ ಕಗ್ಗತ್ತಲು. ಮಾಸಿ ಒಳಗಿಂದ ಒಂದು ಮುಖ ನೋಡೋ ಕನ್ನಡಿ ತಂದು, ಮೇಲಿಂದ ಬೀಳ್ತಿದ್ದ ಬಿಸಿಲನ್ನ ಅದರಲ್ಲಿ ಹಿಡಿದು ತೂತಿನ ಒಳಗೆ ಬಿಟ್ರು, ಅಷ್ಟೇ, ಕೆಳಗೆ ಒಂದು ಇಡೀ ಕೋಣೆ ಹೊಳೀತು, ಸುಣ್ಣದ ಗೋಡೆ, ತಳದಲ್ಲಿ ಅಲುಗಾಡದ ನೀರು. ಮಾಳಿಗೆ ಮೇಲೆ ಬಿದ್ದ ಮಳೆ ಕೊಳವೇಲಿ ಇಳಿದು ಇಲ್ಲಿಗೆ ಬರುತ್ತೆ, ಮೊದಲ ಮಳೇನ ಮಾತ್ರ ಮಾಳಿಗೆ ತೊಳೆಯೋಕೆ ಅಂತ ಹೊರಗೆ ಬಿಟ್ಬಿಡ್ತಾರೆ. ಬಿಸಿಲು, ಗಾಳಿ ತಾಗ್ದೆ ಇರೋದ್ರಿಂದ ವರ್ಷವಾದ್ರೂ ಪಾಚಿ ಕಟ್ಟಲ್ಲ. ಲೋಟದಲ್ಲಿ ಕೊಟ್ರು, ಕುಡಿದೆ, ನೀರಿಗೆ ರುಚಿನೇ ಇರ್ಲಿಲ್ಲ, ಅದೇ ಅದರ ರುಚಿ ಅಂತ ಮಾಸಿ ನಕ್ರು. ಹಿಂಗೆ ಯಾರಾದ್ರೂ ಕರೆದ್ರೆ ಹೋಗಿ, ಕರೀದೆ ಇದ್ರೆ ಬಾಗಿಲಲ್ಲಿ ಕತ್ತು ಹಾಕಿ ಇಣುಕಬೇಡಿ.

ಮುಂದಿನ ದಾರೀಲಿ ಕಾಲಾ ರಾಮ್‌ಜಿ ಮಂದಿರ, ಹೊರಗಿಂದ ನೋಡಿದ್ರೆ ಮನೆ ಥರಾನೇ, ಒಳಗೆ ಕಪ್ಪು ಕಲ್ಲಿನ ರಾಮ. ಆಮೇಲೆ ಕುವಾವಾಳೊ ಖಾಂಚೊ, ಅಂದ್ರೆ ಬಾವಿ ಇರೋ ಮೂಲೆ. ಇಲ್ಲಿ ಗೈಡ್ ಸುಮ್ಮನೆ ನಿಂತು ನಿಮ್ಮನ್ನೇ ಕೇಳ್ತಾರೆ, ಈ ಮನೆಗಳಲ್ಲಿ ಏನು ವ್ಯತ್ಯಾಸ ಅಂತ. ಒಂದೇ ಅಂಗಳದ ಸುತ್ತ ಒಂದು ಮನೆ ಮರಾಠ ಶೈಲಿ, ಒಂದು ಪರ್ಷಿಯನ್ ಛಾಯೆಯದ್ದು, ಇನ್ನೊಂದು ಬ್ರಿಟಿಷ್ ಕಾಲದ್ದು. ಉತ್ತರ ಗೊತ್ತಿಲ್ಲ ಅಂದ್ರೂ ಸುಮ್ನೆ ಏನಾದ್ರೂ ಹೇಳಿ, ತಪ್ಪು ಹೇಳಿದ್ರೇನೇ ಅವರು ಚೆನ್ನಾಗಿ ವಿವರಿಸ್ತಾರೆ. ಇಸವಿ ಕೇಳ್ಕೊಂಡು ಕೂರೋರಿಗಿಂತ ಇದೇನು, ಇದು ಯಾಕೆ ಹಿಂಗಿದೆ, ಇಲ್ಲಿ ಈಗ ಯಾರಿದಾರೆ ಅಂತ ಕೇಳೋರಿಗೆ ಗೈಡ್ ಹೆಚ್ಚು ಬಿಚ್ಚಿಕೊಳ್ತಾರೆ.

ಹಂಗೇ ಒಂದು ಮನೆ ಬಾಗಿಲು ಅಂದ್ಕೊಂಡಿದ್ದು ಗುಪ್ತ ದಾರಿ ಆಗಿರುತ್ತೆ, ಹೊಕ್ಕರೆ ಬೇರೆ ಪೋಳ್. ಗಲಾಟೆ ಆದಾಗ ಹೆಬ್ಬಾಗಿಲು ಹಾಕ್ಕೊಂಡು, ಬೇಕಾದ್ರೆ ಹಿಂದಿಂದ ತಪ್ಪಿಸ್ಕೊಳ್ಳೋಕೆ ಮಾಡ್ಕೊಂಡಿದ್ದು. ಜವೇರಿವಾಡ, ದೋಶಿವಾಡಾ ನೀ ಪೋಳ್ ಕಡೆ ಜೈನ ಬಸದಿಗಳು ಸಾಲು ಸಾಲು, ಅಷ್ಟಾಪದ್‌ಜಿ ದೆರಾಸರ್ ಒಳಗೆ ಅಮೃತಶಿಲೆ ಕೆಲಸ ನೋಡ್ಲೇಬೇಕು, ಮೂರ್ತಿಗಳ ಫೋಟೋ ಮಾತ್ರ ತೆಗೀಬೇಡಿ. ಆಮೇಲೆ ಹರಕುಂವರ್ ಶೇಠಾಣಿ ನೀ ಹವೇಲಿ. ದೆಹಲಿ ದರವಾಜೆ ಹೊರಗಿರೋ ಹಠೀಸಿಂಗ್ ಜೈನ ಮಂದಿರ ಇದ್ಯಲ್ಲ, ಶೇಠ್ ಹಠೀಸಿಂಗ್ ಅದನ್ನ ಶುರು ಮಾಡಿ ತೀರ್ಕೊಂಡ್ರು, ಹೆಂಡತಿ ಹರಕುಂವರ್ ನಿಂತು 1848ರಲ್ಲಿ ಮುಗಿಸಿದ್ರು. ಆಯಮ್ಮನ ಮನೆ ಇದು. ಬಾಲ್ಕನಿ ಕೆಳಗಿನ ಬ್ರಾಕೆಟ್ಟುಗಳ ಕೆತ್ತನೆ ಕಂಡ ಮೇಲೆ ಬೆಳಿಗ್ಗೆ ದೇವಸ್ಥಾನದಲ್ಲಿ ನೋಡಿದ್ದು ನೆನಪಾಗ್ದೆ ಇದ್ರೆ ಕೇಳಿ.

ಹವೇಲಿ ಆದ್ಮೇಲೆ ಸದ್ದು ಒಂದೇ ಸಲ ಜಾಸ್ತಿ ಆಗುತ್ತೆ. ಫರ್ನಾಂಡಿಸ್ ಬ್ರಿಡ್ಜ್ ಕೆಳಗೆ ಪುಸ್ತಕ, ನೋಟ್‌ಬುಕ್ಕಿನ ಬಜಾರು, ಚಾಂದ್ಲಾ ಓಳ್ ಅಂದ್ರೆ ಬಿಂದಿ ಮಾರೋ ಸಾಲು, ಮುಹೂರ್ತ್ ಪೋಳ್, ಅದಾದ್ಮೇಲೆ ಸ್ಟಾಕ್ ಎಕ್ಸ್‌ಚೇಂಜಿನ ಹಳೇ ಕಟ್ಟಡ, 1894ರಲ್ಲಿ ಶುರುವಾಗಿದ್ದು, ದೇಶದಲ್ಲಿ ಬಾಂಬೆ ಬಿಟ್ರೆ ಇದೇ ಹಳೇದು. ಇದೇ ಮಾಣೆಕ್ ಚೌಕ್. ಮಾಣೆಕ್‌ನಾಥ ಅನ್ನೋ ಸಂತ 1411ರಲ್ಲಿ ಅಹ್ಮದ್ ಶಾ ಕೋಟೆ ಕಟ್ಟಿಸ್ವಾಗ ಹಗಲೆಲ್ಲ ಚಾಪೆ ಹೆಣೆದು ರಾತ್ರಿ ಬಿಚ್ತಿದ್ನಂತೆ, ಬಿಚ್ಚಿದ ಕೂಡ್ಲೇ ಆ ದಿನ ಎದ್ದ ಗೋಡೆ ಬೀಳ್ತಿತ್ತಂತೆ. ಕಥೆ ಅಂತಾನೇ ತಗೊಳ್ಳಿ, ಆದ್ರೆ ಊರಿನ ನಡುಮಧ್ಯದ ಚೌಕಕ್ಕೆ ಸುಲ್ತಾನನ ಹೆಸರಲ್ಲ, ಅವನ ಗೋಡೆ ಬೀಳಿಸಿದವನ ಹೆಸರು ಉಳಿದಿದೆ ನೋಡಿ, ನನಗದು ಭಾರಿ ಇಷ್ಟ.

ಪಕ್ಕದಲ್ಲೇ ರಾಣಿ ನೋ ಹಜೀರೋ, ಬಾದಶಾಹ್ ನೋ ಹಜೀರೋ. ಮೊದಲನೇದು ರಾಣಿಯರ ಗೋರಿಗಳು, ಸುತ್ತ ಚನಿಯಾ ಚೋಳಿ, ಅಂದ್ರೆ ಗುಜರಾತಿ ಲಂಗ ರವಿಕೆ ಅಂಗಡಿ ಎಷ್ಟಿದಾವೆ ಅಂದ್ರೆ ಗೋರಿ ಇರೋದೇ ಗೊತ್ತಾಗಲ್ಲ. ಎರಡನೇದು ಅಹ್ಮದ್ ಶಾನ ಗೋರಿ, ಒಳಕೋಣೆಗೆ ಹೆಂಗಸರನ್ನ ಬಿಡಲ್ಲ, ಮೊದಲೇ ಗೊತ್ತಿದ್ರೆ ಬಾಗಿಲಲ್ಲಿ ಇರುಸುಮುರುಸು ಆಗಲ್ಲ. ಕೊನೇದು ಜಾಮಾ ಮಸೀದಿ, 1424ರದ್ದು, 260 ಕಂಬ, 15 ಗುಮ್ಮಟ. ಗಿಜಿಗಿಜಿ ಗಲ್ಲಿಯಿಂದ ಒಂದು ಮೆಟ್ಟಿಲು ಹತ್ತಿ ಆ ಅಂಗಳಕ್ಕೆ ಕಾಲಿಟ್ರೆ ಕಿವಿ ಒಂದು ಕ್ಷಣ ಮಂಕಾಗುತ್ತೆ. ಮಧ್ಯದ ಕಮಾನಿನ ಎರಡೂ ಪಕ್ಕ ಮೊಂಡಾಗಿ ನಿಂತಿರೋದು ಮಿನಾರುಗಳ ಬುಡ, ಮೇಲಿನದು 1819ರ ಭೂಕಂಪದಲ್ಲಿ ಬಿತ್ತು. ಒಳಗೆ ಹೋಗಿ ಕಂಬದ ಬುಡದಲ್ಲಿ, ಗುಮ್ಮಟದ ಒಳಮೈಯಲ್ಲಿ ಕಮಲ, ಗಂಟೆ, ಬಳ್ಳಿ ಹುಡುಕಿ, ದೇವಸ್ಥಾನ ಕಟ್ಟಿದ ಶಿಲ್ಪಿಗಳ ಕೈ ಅಲ್ಲಿ ಎದ್ದು ಕಾಣುತ್ತೆ. ಗೈಡ್ ಇಲ್ಲಿ ಥ್ಯಾಂಕ್ಸ್ ಹೇಳಿ ಹೊರಡ್ತಾರೆ. ನೀವು ಹೊರಡಬೇಡಿ, ಅಂಗಳದ ನೆರಳಲ್ಲಿ ಹತ್ತು ನಿಮಿಷ ಕೂತ್ಕೊಂಡು ನಡೆದ ದಾರಿಯ ಪೋಳ್ ಹೆಸರುಗಳನ್ನ ಒಂದು ಚೀಟೀಲಿ ಅನುಕ್ರಮವಾಗಿ ಬರ್ಕೊಳ್ಳಿ.

ಯಾಕಂದ್ರೆ ಸಂಜೆ ಅದೇ ಚೀಟಿ ಇಟ್ಕೊಂಡು ಉಲ್ಟಾ ನಡೀಬೇಕು, ಮಸೀದಿಯಿಂದ ಮಂದಿರಕ್ಕೆ, ಒಬ್ರೇ. ರೂಮಿಗೆ ಹೋಗಿ ಊಟ ಮಾಡಿ ನಿದ್ದೆ ತೆಗೆದು ನಾಲ್ಕೂವರೆಗೆ ಬಂದ್ರೆ ಸಾಕು. ಬೆಳಿಗ್ಗೆ ನೀವು ನೋಡಿದ್ದು ಗೈಡ್ ತೋರಿಸಿದ್ದನ್ನ, ಸಂಜೆ ಉಳಿದಿದ್ದೆಲ್ಲ ಕಾಣುತ್ತೆ. ಮುಖಕ್ಕೆ ಎದುರಾಗಿದ್ದ ಗೋಡೆ ಈಗ ಬೆನ್ನಿಗೆ, ಬೆನ್ನಿಗಿದ್ದ ಬಾಲ್ಕನಿ ಈಗ ಕಣ್ಣೆದುರು. ಬೆಳಿಗ್ಗೆ ಖಾಲಿ ಇದ್ದ ಓಟ್ಲೊ ಮೇಲೆಲ್ಲ ಈಗ ಜನ, ತರಕಾರಿ ಬಿಡಿಸೋರು, ಹರಟೆ ಹೊಡೆಯೋರು, ಚಬೂತ್ರೊ ಮೇಲೆ ಪಾರಿವಾಳದ ಸಂತೆ. ದಾರಿ ತಪ್ಪುತ್ತೆ, ಖಂಡಿತ ತಪ್ಪುತ್ತೆ, ಆಗ ಫೋನ್ ಜೇಬಲ್ಲಿಟ್ಟು ಮುಂದಿನ ಪೋಳ್ ಹೆಸರು ಹೇಳಿ ಓಟ್ಲೊ ಮೇಲಿರೋ ಕಾಕಾನ ಕೇಳಿ. ಚೀಟಿ ಬರ್ಕೊಳ್ಳಿ ಅಂದಿದ್ದು ಅದಕ್ಕೇ, "ಸ್ವಾಮಿನಾರಾಯಣ ಟೆಂಪಲ್ ಎಲ್ಲಿ" ಅಂದ್ರೆ ದೊಡ್ಡ ರೋಡ್ ಕಡೆ ಕೈ ತೋರಿಸ್ತಾರೆ, "ದೋಶಿವಾಡಾ ನೀ ಪೋಳ್" ಅಂದ್ರೆ ಒಳದಾರೀನೇ ಹೇಳ್ತಾರೆ. ಜನರ ಫೋಟೋ ತೆಗೆಯೋ ಮುಂಚೆ ಕಣ್ಣಲ್ಲೇ ಒಂದು ಸಲ ಕೇಳಿ, ತಲೆ ಅಡ್ಡಕ್ಕೆ ಆಡಿಸಿದ್ರೆ ಬಿಟ್ಬಿಡಿ, ಒಗೆದ ಬಟ್ಟೆ ಒಣಹಾಕಿರೋ ಬಾಲ್ಕನಿ ಚೆಂದ ಇರುತ್ತೆ ನಿಜ, ಆದ್ರೆ ಅದು ಯಾರದೋ ಮನೆ. ಕತ್ತಲಾಗೋಕೆ ಮುಂಚೆ ಪೋಳ್‌ಗಳಿಂದ ಹೊರಗೆ ಬಂದ್ಬಿಡಿ, ಹೆದರಿಕೆಗೆ ಅಲ್ಲ, ಏನೂ ಕಾಣಲ್ಲ ಅಂತ.

ಇನ್ನೂ ಕಾಲಲ್ಲಿ ಜೀವ ಇದ್ರೆ ಆಟೋದಲ್ಲಿ ಮತ್ತೆ ಮಾಣೆಕ್ ಚೌಕಿಗೆ ಬನ್ನಿ. ಬೆಳಿಗ್ಗೆ ಹಸುಗಳಿಗೆ ಹುಲ್ಲು ಹಾಕ್ತಿದ್ದ, ಮಧ್ಯಾಹ್ನ ಚಿನ್ನ ಬೆಳ್ಳಿ ವ್ಯಾಪಾರ ನಡೀತಿದ್ದ ಅದೇ ಚೌಕ ರಾತ್ರಿ ಅಂಗಡಿ ಮುಚ್ಚಿದ ಮೇಲೆ ತಿಂಡಿ ಬಜಾರು ಆಗಿರುತ್ತೆ, ಟೇಬಲ್ ಕುರ್ಚಿ ರೋಡ್ ಮಧ್ಯದಲ್ಲೇ. ಎಂಟು ಗಂಟೆಗೇ ಬಂದು ಏನೂ ಇಲ್ಲ ಅಂತ ವಾಪಸ್ ಹೋಗ್ಬೇಡಿ, ಒಂಬತ್ತೂವರೆ ಮೇಲೇನೇ ರಂಗೇರೋದು.